ಭುಜದ ಮೂಳೆಗಡ್ಡೆ, ಆಪರೇಷನ್, ಲೋಹದ ಕೀಲು: ಪದೇ ಪದೇ ಕೇಳುವ ಪ್ರಶ್ನೆಗಳು

ಭುಜದ ಆಪರೇಷನ್ ಆದವರಿಗೆ ವ್ಯಾಯಾಮ ಹೇಳಿಕೊಡುವುದು ನನ್ನ ಕೆಲಸ. ಡಾಕ್ಟರ ಎದುರು ಎಲ್ಲದಕ್ಕೂ ತಲೆಯಾಡಿಸಿ ಬಂದವರು ನನ್ನ ಪಕ್ಕ ಕೂತ ಮೇಲೆ ಒಂದೊಂದಾಗಿ ಬಾಯಿ ಬಿಡುತ್ತಾರೆ. ಕೈ ಉಳಿಯುತ್ತಾ? ಎಷ್ಟು ಮೇಲೆ ಎತ್ತಬಹುದು? ಒಳಗೆ ಹಾಕಿದ ಲೋಹ ತುಕ್ಕು ಹಿಡಿಯಲ್ವಾ? ಹಾಗೆ ಕಿವಿಗೆ ಬಿದ್ದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಿಮ್ಮ ಸ್ಕ್ಯಾನ್ ನೋಡಿದವರು ನಿಮ್ಮ ಡಾಕ್ಟರು, ನಾನಲ್ಲ. ಹಾಗಾಗಿ ಇದನ್ನು ಅವರ ಹತ್ತಿರ ಹೋಗುವ ಮುಂಚಿನ ತಯಾರಿ ಅಂದುಕೊಳ್ಳಿ.

ಭುಜದ ಹತ್ತಿರದ ಗಡ್ಡೆ ಅಂದರೆ ಸರಿಯಾಗಿ ಎಲ್ಲಿ?

ಭುಜದಲ್ಲಿ ಮೂರು ಮೂಳೆ ಸೇರುತ್ತವೆ. ತೋಳಿನ ಉದ್ದ ಮೂಳೆ, ಬೆನ್ನ ಮೇಲಿನ ಹಲಗೆ ಮೂಳೆ, ಕತ್ತಿನ ಕೆಳಗೆ ಅಡ್ಡ ಹೋಗುವ ಕಾಲರ್ ಮೂಳೆ. ಗಡ್ಡೆ ಜಾಸ್ತಿ ಬರುವುದು ತೋಳಿನ ಮೂಳೆಯ ಮೇಲ್ತುದಿಯಲ್ಲಿ. ರಿಪೋರ್ಟಿನಲ್ಲಿ 'ಪ್ರಾಕ್ಸಿಮಲ್ ಹ್ಯೂಮರಸ್' ಅಂತ ಇದ್ದರೆ ಅದು ಇದೇ ಜಾಗ. ಹದಿಹರೆಯದಲ್ಲಿ ಮೂಳೆ ಜೋರಾಗಿ ಬೆಳೆಯುವ ತುದಿಗಳನ್ನೇ ಆಸ್ಟಿಯೋಸಾರ್ಕೋಮಾ ಅನ್ನುವ ಮೂಳೆ ಕ್ಯಾನ್ಸರ್ ಹೆಚ್ಚಾಗಿ ಹುಡುಕಿಕೊಂಡು ಬರುತ್ತದೆ. ಮೊದಲು ತೊಡೆ ಮೂಳೆಯ ಕೆಳತುದಿ, ಆಮೇಲೆ ಮೊಣಕಾಲಿನ ಕೆಳಗಿನ ಮೂಳೆಯ ಮೇಲ್ತುದಿ, ಮೂರನೆಯದು ತೋಳಿನ ಮೂಳೆಯ ಈ ತುದಿ.

ಗಡ್ಡೆ ಅಂದರೆ ಕ್ಯಾನ್ಸರೇ ಅಂತ ಅರ್ಥವಾ?

ಇಲ್ಲ. ಮಕ್ಕಳಲ್ಲಿ ಈ ಜಾಗದಲ್ಲಿ ನೀರು ತುಂಬಿದ ಸಾದಾ ಸಿಸ್ಟ್ ತುಂಬಾ ಸಾಮಾನ್ಯ. ಅದು ಕ್ಯಾನ್ಸರ್ ಅಲ್ಲ. ಎಷ್ಟೋ ಸಲ ಆಟವಾಡುವಾಗ ಬಿದ್ದು ಮೂಳೆ ಬಿರುಕು ಬಿಟ್ಟಾಗಲೇ ಅದು ಇದೆ ಅಂತ ಗೊತ್ತಾಗುವುದು. ಮೂಳೆ ಒಳಗಿನ ಮೃದ್ವಸ್ಥಿ ಗಡ್ಡೆ, ಮೂಳೆಯಿಂದ ಹೊರಗೆ ಚಾಚಿದ ಮೊಳಕೆಯಂಥ ಗಡ್ಡೆ, ಇವೂ ಬಹುಪಾಲು ತೊಂದರೆ ಕೊಡದೆ ಇದ್ದುಬಿಡುತ್ತವೆ. 20ರಿಂದ 40ರ ವಯಸ್ಸಿನಲ್ಲಿ ಬರುವ ಜೈಂಟ್ ಸೆಲ್ ಗಡ್ಡೆ ಕ್ಯಾನ್ಸರ್ ಅಲ್ಲದಿದ್ದರೂ ಮೂಳೆಯನ್ನು ಚೆನ್ನಾಗಿಯೇ ತಿನ್ನುತ್ತದೆ. ಹೆಚ್ಚಿನವರಲ್ಲಿ ಅದನ್ನು ಕೆರೆದು ತೆಗೆದು ಸಿಮೆಂಟ್ ತುಂಬಿದರೆ ಸಾಕಾಗುತ್ತದೆ.

ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಮೂರು ಹೆಸರು ನಿಮ್ಮ ಕಿವಿಗೆ ಬೀಳಬಹುದು. ಆಸ್ಟಿಯೋಸಾರ್ಕೋಮಾ ಮತ್ತು ಯೂಯಿಂಗ್ ಸಾರ್ಕೋಮಾ ಚಿಕ್ಕ ವಯಸ್ಸಿನವರಲ್ಲಿ ಜಾಸ್ತಿ. ಕಾಂಡ್ರೋಸಾರ್ಕೋಮಾ ಸಾಮಾನ್ಯವಾಗಿ 40 ದಾಟಿದವರಲ್ಲಿ. ಆದರೆ ದೊಡ್ಡವರ ಭುಜದಲ್ಲಿ ಕಾಣುವ ಕ್ಯಾನ್ಸರ್ ಹೆಚ್ಚಾಗಿ ಬೇರೆಲ್ಲೋ ಹುಟ್ಟಿ ಮೂಳೆಗೆ ಬಂದದ್ದು. ಸ್ತನ, ಶ್ವಾಸಕೋಶ, ಕಿಡ್ನಿ, ಥೈರಾಯ್ಡ್, ಪ್ರಾಸ್ಟೇಟ್, ಇವು ಅದರ ತವರುಮನೆಗಳು.

ಸುಮ್ನೆ ಭುಜ ನೋವಿದ್ದರೆ ಯಾವಾಗ ಗಾಬರಿಯಾಗಬೇಕು?

ಗಾಬರಿ ಯಾವಾಗಲೂ ಬೇಡ, ಎಕ್ಸ್‌ರೇ ಬೇಕು. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಕೈ ಆಡಿಸದೆ ಸುಮ್ನೆ ಇಟ್ಟುಕೊಂಡರೂ ಬಿಡದ ನೋವು, ವಾರದಿಂದ ವಾರಕ್ಕೆ ದಪ್ಪವಾಗುವ ಊತ, ಸಣ್ಣ ಏಟಿಗೆ ಮೂಳೆ ಮುರಿಯುವುದು, ಇವುಗಳಲ್ಲಿ ಒಂದಿದ್ದರೂ ತಡ ಮಾಡಬೇಡಿ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹದಿನಾರರ ಹುಡುಗನೊಬ್ಬನಿಗೆ ಭುಜ ಬಿಗಿಯಾಗಿದೆ ಅಂತ ಮೂರು ವಾರ ವ್ಯಾಯಾಮ ಮಾಡಿಸಿದೆ. ಫ್ರೋಜನ್ ಶೋಲ್ಡರ್ 40 ದಾಟಿದವರ ಕಾಯಿಲೆ, ಆ ವಯಸ್ಸಿನ ಹುಡುಗರಿಗೆ ಬರುವಂಥದ್ದಲ್ಲ ಅಂತ ಪುಸ್ತಕದಲ್ಲಿ ಓದಿದ್ದೆ, ಆದರೂ ಹೊಳೆಯಲಿಲ್ಲ. ಅವನ ತಾಯಿ 'ರಾತ್ರಿ ಕೂತೇ ಇರ್ತಾನೆ' ಅಂದ ದಿನ ಎಕ್ಸ್‌ರೇಗೆ ಕಳಿಸಿದೆ. ಈಗ ಚಿಕ್ಕ ವಯಸ್ಸಿನವರ ಭುಜ ಮುಟ್ಟುವ ಮುಂಚೆ ಎಕ್ಸ್‌ರೇ ಕೇಳುತ್ತೇನೆ. ಊತದ ಮೇಲೆ ಜೋರಾಗಿ ಉಜ್ಜಿಸುವುದಂತೂ ಬೇಡವೇ ಬೇಡ.

ಎಕ್ಸ್‌ರೇ ಆಯ್ತು. ಇನ್ನೂ ಯಾಕೆ ಅಷ್ಟೊಂದು ಸ್ಕ್ಯಾನ್?

ಒಂದೊಂದು ಸ್ಕ್ಯಾನ್ ಒಂದೊಂದು ಪ್ರಶ್ನೆಗೆ ಉತ್ತರ. ಇಡೀ ತೋಳಿನ ಮೂಳೆಯ ಎಂಆರ್‌ಐ ಮಾಡಿದರೆ ಗಡ್ಡೆ ಮೂಳೆ ಒಳಗೆ ಎಲ್ಲಿವರೆಗೆ ಇಳಿದಿದೆ, ನರ ಮತ್ತು ರಕ್ತನಾಳಕ್ಕೆ ಎಷ್ಟು ಹತ್ತಿರ, ಕೀಲಿನ ಒಳಗೆ ನುಗ್ಗಿದೆಯಾ ಅಂತ ಗೊತ್ತಾಗುತ್ತದೆ. ಎದೆಯ ಸಿಟಿ ಸ್ಕ್ಯಾನ್ ಯಾಕೆಂದರೆ ಮೂಳೆ ಕ್ಯಾನ್ಸರ್ ಹರಡಿದರೆ ಮೊದಲು ಹೋಗುವುದು ಹೆಚ್ಚಾಗಿ ಶ್ವಾಸಕೋಶಕ್ಕೆ. ಬೋನ್ ಸ್ಕ್ಯಾನ್ ಅಥವಾ ಪೆಟ್ ಸ್ಕ್ಯಾನ್ ಉಳಿದ ಮೂಳೆಗಳನ್ನು ನೋಡಲು.

ಬಯಾಪ್ಸಿ ಎಲ್ಲಿ ಬೇಕಾದರೂ ಮಾಡಿಸಬಹುದಾ?

ಈ ಪುಟದಲ್ಲಿ ಒಂದೇ ಉತ್ತರ ಓದುತ್ತೀರಿ ಅಂತಾದರೆ ಇದನ್ನು ಓದಿ. ಗಡ್ಡೆ ಯಾವುದು ಅಂತ ತಿಳಿಯಲು ಅದರ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ ನೋಡೋಕೆ ಸಣ್ಣ ಕೆಲಸ. ಒಂದು ಸೂಜಿ, ಒಂದು ಚೂರು ಮಾಂಸ. ಆದರೆ ಸೂಜಿ ಹೋದ ದಾರಿಯಲ್ಲಿ ಗಡ್ಡೆಯ ಕಣಗಳು ಅಂಟಿಕೊಂಡಿರಬಹುದು. ಅದಕ್ಕೇ ಮುಂದೆ ದೊಡ್ಡ ಆಪರೇಷನ್ ಮಾಡುವಾಗ ಆ ದಾರಿಯನ್ನೂ ಚರ್ಮದಿಂದ ಮೂಳೆಯವರೆಗೆ ಗಡ್ಡೆಯ ಜೊತೆಯಲ್ಲೇ ತೆಗೆಯುತ್ತಾರೆ.

ಈಗ ಯೋಚಿಸಿ. ಭುಜದ ಮುಂಭಾಗದಲ್ಲಿ ಕೈ ಎತ್ತುವ ಡೆಲ್ಟಾಯ್ಡ್ ಸ್ನಾಯು, ಎದೆಯ ಸ್ನಾಯು ಎರಡರ ಮಧ್ಯೆ ಒಂದು ಸಹಜವಾದ ಸಂದು ಇದೆ. ಮಾಮೂಲಿ ಭುಜದ ಆಪರೇಷನ್‌ಗೆಲ್ಲ ಅದೇ ರಾಜಮಾರ್ಗ. ಗೊತ್ತಿಲ್ಲದವರು ಬಯಾಪ್ಸಿಗೂ ಅಲ್ಲೇ ಹೋಗುತ್ತಾರೆ. ಆದರೆ ಆ ಸಂದಿನಲ್ಲಿ ರಕ್ತ ಜಿನುಗಿದರೆ ಅದು ಮೇಲೆ ಕೆಳಗೆ ಹರಡಿ, ಮುಖ್ಯ ನರ ಮತ್ತು ರಕ್ತನಾಳಗಳ ತನಕ ಹೋಗಬಹುದು. ಆಮೇಲೆ ಉಳಿಸಬಹುದಾಗಿದ್ದ ಕೈಯನ್ನು ಉಳಿಸುವುದು ಕಷ್ಟ. ಹಾಗಾಗಿ ಗಡ್ಡೆ ತಜ್ಞರು ಸಂದು ಬಿಟ್ಟು, ಡೆಲ್ಟಾಯ್ಡ್ ಸ್ನಾಯುವಿನ ಮುಂದಿನ ಭಾಗದ ಮೂಲಕವೇ ನೇರ ಹೋಗುತ್ತಾರೆ. ಆ ಸ್ನಾಯುವಿಗೆ ಜೀವ ಕೊಡುವ ಆಕ್ಸಿಲರಿ ನರ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಹಿಂಭಾಗದಲ್ಲಿ ನರಕ್ಕೆ ಪೆಟ್ಟಾದರೆ ಇಡೀ ಸ್ನಾಯು ಹೋಗುತ್ತದೆ. ಮುಂಭಾಗದ ಒಂದು ಪಟ್ಟಿ ಕಳೆದುಕೊಂಡರೆ ಅಷ್ಟು ನಷ್ಟವಿಲ್ಲ.

ಸರಳ ನಿಯಮ: ಮುಂದೆ ಆಪರೇಷನ್ ಮಾಡುವ ತಂಡವೇ ಬಯಾಪ್ಸಿ ಮಾಡಲಿ, ಇಲ್ಲವೇ ಅವರು ಗುರುತು ಹಾಕಿಕೊಟ್ಟ ಜಾಗದಲ್ಲೇ ಆಗಲಿ. ಎಂಆರ್‌ಐ ಆದ ಮೇಲೆ ಬಯಾಪ್ಸಿ, ಮುಂಚೆ ಅಲ್ಲ. 'ಹೇಗೂ ಬಂದಿದ್ದೀರಲ್ಲ, ಇವತ್ತೇ ತೆಗೆದುಬಿಡೋಣ' ಅಂತ ಯಾರಾದರೂ ಅಂದರೆ, ನಾಜೂಕಾಗಿ ಎದ್ದು ಬನ್ನಿ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತೆ ಅಂತಾರಲ್ಲ?

ಸರಿಯಾದ ದಾರಿಯಲ್ಲಿ ಮಾಡಿದ ಬಯಾಪ್ಸಿಯಿಂದ ಹಾಗೆ ಆಗುವುದಿಲ್ಲ. ಆ ದಾರಿಯನ್ನೇ ಆಮೇಲೆ ಕತ್ತರಿಸಿ ತೆಗೆಯುತ್ತಾರಲ್ಲ. ಈ ಭಯಕ್ಕೆ ಬಯಾಪ್ಸಿ ಮುಂದೂಡುತ್ತಾ ಹೋದರೆ ಗಡ್ಡೆ ಅಷ್ಟು ದಿನ ಬೆಳೆಯುತ್ತದೆ, ನಷ್ಟ ಆಗುವುದು ಅಲ್ಲಿ.

ಗಡ್ಡೆ ಅಲ್ಲೇ ಇದೆ, ಆದರೂ ಆಪರೇಷನ್ ಬಿಟ್ಟು ಮೊದಲು ಕೀಮೋ ಯಾಕೆ?

ಆಸ್ಟಿಯೋಸಾರ್ಕೋಮಾ, ಯೂಯಿಂಗ್ ಎರಡರಲ್ಲೂ ಸ್ಕ್ಯಾನಿಗೆ ಕಾಣದಷ್ಟು ಸಣ್ಣ ಕಣಗಳು ಆಗಲೇ ರಕ್ತದಲ್ಲಿ ಓಡಾಡುತ್ತಿರಬಹುದು. ಕೀಮೋ ಬರುವ ಮುಂಚಿನ ಕಾಲದಲ್ಲಿ ಇಡೀ ಕೈ ತೆಗೆದರೂ ಹೆಚ್ಚಿನವರು ಆಮೇಲೆ ಶ್ವಾಸಕೋಶದ ಗಡ್ಡೆಯಿಂದ ತೀರಿಕೊಳ್ಳುತ್ತಿದ್ದರು. ಈಗ ಆಸ್ಟಿಯೋಸಾರ್ಕೋಮಾಗೆ ಸಾಮಾನ್ಯವಾಗಿ ಡಾಕ್ಸೊರುಬಿಸಿನ್, ಸಿಸ್‌ಪ್ಲಾಟಿನ್, ಎಷ್ಟೋ ಕಡೆ ಜೊತೆಗೆ ಮೆಥೊಟ್ರೆಕ್ಸೇಟ್ ಕೊಡುತ್ತಾರೆ. ಸುಮಾರು 10 ವಾರ ಆದ ಮೇಲೆ ಆಪರೇಷನ್, ಗಾಯ ಮಾಗಿದ ಮೇಲೆ ಮತ್ತೆ ಕೀಮೋ. ತೆಗೆದ ಗಡ್ಡೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಶೇಕಡಾ 90ಕ್ಕಿಂತ ಜಾಸ್ತಿ ಕಣಗಳು ಸತ್ತಿದ್ದರೆ ಔಷಧಿ ಚೆನ್ನಾಗಿ ಕೆಲಸ ಮಾಡಿದೆ ಅಂತ ಲೆಕ್ಕ.

ಕಾಂಡ್ರೋಸಾರ್ಕೋಮಾ ಮಾತ್ರ ಬೇರೆ ಜಾತಿ. ಅದರ ಸಾಮಾನ್ಯ ಬಗೆ ಕೀಮೋಗೂ ಬಗ್ಗುವುದಿಲ್ಲ, ರೇಡಿಯೇಷನ್‌ಗೂ ಅಷ್ಟಾಗಿ ಬಗ್ಗುವುದಿಲ್ಲ. ಅಲ್ಲಿ ಚಾಕುವೇ ಔಷಧಿ.

ಇನ್ನೊಂದು ಮಾತು. ಮುಂದೆ ಮಕ್ಕಳು ಬೇಕು ಅನ್ನುವವರು ಕೀಮೋ ಶುರುವಾಗುವ ಮುಂಚೆಯೇ ವೀರ್ಯ ಅಥವಾ ಅಂಡಾಣು ಕಾಪಿಡುವ ಬಗ್ಗೆ ಕೇಳಿ. ಹದಿನೇಳರ ಹುಡುಗ ತಾನಾಗಿ ಕೇಳುವುದಿಲ್ಲ, ಮನೆಯವರಿಗೆ ಮುಜುಗರ. ಯಾರಾದರೊಬ್ಬರು ಕೇಳಲೇಬೇಕು.

ಕೈ ತೆಗೆದುಬಿಡ್ತಾರಾ?

ಈಗ ಹೆಚ್ಚಿನವರಿಗೆ ಇಲ್ಲ. ಹಿಂದೆ ಈ ಜಾಗದ ಕ್ಯಾನ್ಸರ್‌ಗೆ ಕೈ, ಹಲಗೆ ಮೂಳೆ, ಕಾಲರ್ ಮೂಳೆ ಎಲ್ಲ ಸೇರಿಸಿ ತೆಗೆಯುವುದೇ ರೂಢಿಯಾಗಿತ್ತು. ಅದನ್ನು ಒಪ್ಪದವರೂ ಆಗಲೇ ಇದ್ದರು. ರಷ್ಯಾದ ಸರ್ಜನ್ ಬೋರಿಸ್ ಲಿನ್‌ಬರ್ಗ್ 1928ರಲ್ಲಿ ಬರೆದ ಲೇಖನದಲ್ಲಿ, ಭುಜದ ಮೂಳೆಗಳನ್ನೆಲ್ಲ ತೆಗೆದು, ನರ ಮತ್ತು ರಕ್ತನಾಳ ಉಳಿಸಿಕೊಂಡು, ಕೈಯನ್ನು ಹಾಗೇ ಜೋತು ಬಿಡುವ ಆಪರೇಷನ್ ವಿವರಿಸಿದರು. ಅವರಿಗಿಂತ ಮುಂಚೆ ಅದನ್ನು ಮಾಡಿದ ಟಿಖಾಫ್ ಹೆಸರೂ ಸೇರಿ ಅದು ಇಂದಿಗೂ ಟಿಖಾಫ್-ಲಿನ್‌ಬರ್ಗ್ ಆಪರೇಷನ್. ಭುಜ ಹೋಯಿತು, ಅಂಗೈ ಉಳಿಯಿತು. 1970ರ ದಶಕದಲ್ಲಿ ಕೀಮೋ, ಸಿಟಿ ಸ್ಕ್ಯಾನ್ ಎರಡೂ ಬಂದ ಮೇಲೆ ಕೈ ಉಳಿಸುವುದೇ ಮೊದಲ ಆಯ್ಕೆಯಾಗುತ್ತಾ ಬಂತು.

ಕೈಗೆ ಹೋಗುವ ನರಗಳ ಗುಚ್ಛವನ್ನೂ ಮುಖ್ಯ ರಕ್ತನಾಳವನ್ನೂ ಗಡ್ಡೆ ಸುತ್ತುಗಟ್ಟಿದ್ದರೆ, ಗಾಯ ಕೊಳೆತು ಗಡ್ಡೆ ಹೊರಗೆ ಒಡೆದಿದ್ದರೆ, ಆಗ ಕೈ ತೆಗೆಯುವ ಮಾತು ಬರುತ್ತದೆ. ನರ ಸತ್ತ ಕೈಯನ್ನು ಸುಮ್ನೆ ತೂಗುಹಾಕಿಕೊಂಡು ಅರ್ಧ ಗಡ್ಡೆ ಒಳಗೇ ಬಿಡುವುದಕ್ಕಿಂತ ಅದೇ ಮೇಲು ಅನ್ನುವ ಸಂದರ್ಭಗಳು ಇವೆ. ಹೇಳೋಕೆ ಕಷ್ಟ, ಆದರೂ ನಿಜ.

ಮೂಳೆ ಆಗಲೇ ಮುರಿದಿದೆ. ಹಾಗಾದರೆ ಕೈ ಹೋಯ್ತಾ?

ಹಾಗೇನಿಲ್ಲ. ಮುರಿದ ಜಾಗದಲ್ಲಿ ಸುರಿದ ರಕ್ತದ ಜೊತೆ ಗಡ್ಡೆಯ ಕಣಗಳೂ ಹೊರಗೆ ಬಂದಿರುವುದರಿಂದ ಅಪಾಯ ಸ್ವಲ್ಪ ಹೆಚ್ಚು. ಆದರೆ ಕೀಮೋ ಕೊಡುವಾಗ ಕೈ ಅಲುಗದಂತೆ ಪಟ್ಟಿ ಹಾಕಿಟ್ಟರೆ ಎಷ್ಟೋ ಸಲ ಮೂಳೆ ಕೂಡಿಕೊಳ್ಳುತ್ತದೆ, ಕೈ ಉಳಿಸುವ ಆಪರೇಷನ್ ಆಗುತ್ತದೆ. ಮಾಡಬಾರದ್ದು ಒಂದೇ. ಗಡ್ಡೆ ಯಾವುದು ಅಂತ ಗೊತ್ತಾಗುವ ಮುಂಚೆ ಮಾಮೂಲಿ ಮುರಿತ ಅಂದುಕೊಂಡು ರಾಡ್, ಪ್ಲೇಟ್ ಹಾಕಿಬಿಡುವುದು. ರಾಡ್ ಹೋದಲ್ಲೆಲ್ಲ ಗಡ್ಡೆಯ ಕಣಗಳನ್ನು ಎಳೆದುಕೊಂಡು ಹೋಗುತ್ತದೆ.

ಆಪರೇಷನ್‌ನಲ್ಲಿ ಏನೇನು ತೆಗೆಯುತ್ತಾರೆ?

ಗಂಟು ಬಿಚ್ಚದೆ ಮೂಟೆ ಸಮೇತ ಎತ್ತಿದ ಹಾಗೆ. ಕ್ಯಾನ್ಸರ್ ಗಡ್ಡೆ ಸರ್ಜನ್ ಕಣ್ಣಿಗೆ ಕಾಣಲೇಬಾರದು. ಸುತ್ತ ಒಂದು ಪದರ ಆರೋಗ್ಯವಾದ ಮಾಂಸ, ಬಯಾಪ್ಸಿ ದಾರಿ, ಮೂಳೆಯ ಮೇಲ್ತುದಿ, ಇಷ್ಟೂ ಒಂದೇ ತುಂಡಾಗಿ ಹೊರಗೆ ಬರಬೇಕು. ಮೂಳೆಯನ್ನು ಎಂಆರ್‌ಐನಲ್ಲಿ ಗಡ್ಡೆ ಮುಗಿದ ಜಾಗಕ್ಕಿಂತ ಸಾಮಾನ್ಯವಾಗಿ 2-3 ಸೆಂಟಿಮೀಟರ್ ಕೆಳಗೆ ಕತ್ತರಿಸುತ್ತಾರೆ.

ಕಷ್ಟ ಇರುವುದು ಮೂಳೆ ಕತ್ತರಿಸುವುದರಲ್ಲಿ ಅಲ್ಲ, ಅದರ ಸುತ್ತ ಇರುವುದನ್ನು ಬಿಡಿಸುವುದರಲ್ಲಿ. ಆಕ್ಸಿಲರಿ ನರ ಮೂಳೆಯ ಕುತ್ತಿಗೆಗೇ, ಅಂದರೆ ಚೆಂಡಿನಂಥ ತುದಿಯ ಸ್ವಲ್ಪ ಕೆಳಗೆ, ಸುತ್ತಿಕೊಂಡಿರುತ್ತದೆ. ರೇಡಿಯಲ್ ನರ ಸ್ವಲ್ಪ ಕೆಳಗೆ ಮೂಳೆಗೆ ಅಂಟಿಕೊಂಡೇ ಹಿಂದಿನಿಂದ ಬರುತ್ತದೆ. ಅದಕ್ಕೆ ಪೆಟ್ಟಾದರೆ ಮಣಿಕಟ್ಟು ಎತ್ತಲಾಗದೆ ಜೋತು ಬೀಳುತ್ತದೆ. ಮೊಣಕೈ ಮಡಚುವ ನರ ಇನ್ನೊಂದು. ಜೊತೆಗೆ ಕೈಗೆ ರಕ್ತ ತರುವ ದೊಡ್ಡ ನಾಳ. ಇವನ್ನೆಲ್ಲ ಒಂದೊಂದಾಗಿ ಗುರುತಿಸಿ, ಪಕ್ಕಕ್ಕೆ ಸರಿಸಿ, ಆಮೇಲೆ ಮೂಳೆಗೆ ಕೈ ಹಾಕುತ್ತಾರೆ.

ಮೂಳೆಯ ತುದಿಗೆ ರೊಟೇಟರ್ ಕಫ್ ಅನ್ನುವ ನಾಲ್ಕು ಸ್ನಾಯುಗಳು ಅಂಟಿರುತ್ತವೆ. ತೋಳಿನ ತುದಿಯನ್ನು ಹಲಗೆ ಮೂಳೆಯ ಗುಳಿಯಲ್ಲಿ ಹಿಡಿದಿಡುವವು ಇವೇ. ಮೂಳೆ ತೆಗೆದಾಗ ಇವುಗಳ ಕೊಂಡಿ ತಪ್ಪುತ್ತದೆ. ಡೆಲ್ಟಾಯ್ಡ್ ಉಳಿಯುತ್ತದಾ ಇಲ್ಲವಾ ಅನ್ನುವುದು ಗಡ್ಡೆ ಎಷ್ಟು ಹೊರಗೆ ಉಬ್ಬಿದೆ ಅನ್ನುವುದರ ಮೇಲೆ. ಗಡ್ಡೆ ಕೀಲಿನ ಒಳಗೆ ನುಗ್ಗಿದ್ದರೆ ಕೀಲನ್ನು ತೆರೆಯದೆ ಗುಳಿಯ ಮೂಳೆಯನ್ನೂ ಸೇರಿಸಿ ತೆಗೆಯಬೇಕಾಗುತ್ತದೆ. 1991ರಲ್ಲಿ ಮಾರ್ಟಿನ್ ಮಲಾವರ್ ಈ ಆಪರೇಷನ್‌ಗಳನ್ನು ಆರು ಬಗೆಯಾಗಿ ವಿಂಗಡಿಸಿ, ಕೈ ಎತ್ತುವ ಸ್ನಾಯು ಉಳಿದರೆ 'ಎ', ಹೋದರೆ 'ಬಿ' ಅಂತ ಗುರುತು ಕೊಟ್ಟರು. ನಿಮ್ಮ ರಿಪೋರ್ಟಿನಲ್ಲಿ 'ಟೈಪ್ 1 ಬಿ' ಅಂತೇನಾದರೂ ಇದ್ದರೆ, ನನ್ನಂಥವರು ಮೊದಲು ನೋಡುವುದು ಆ ಎ, ಬಿ ಅಕ್ಷರವನ್ನೇ.

ಖಾಲಿಯಾದ ಜಾಗಕ್ಕೆ ಏನು ಹಾಕುತ್ತಾರೆ?

ಹೆಚ್ಚಾಗಿ ಲೋಹದ ಮೂಳೆ. ತುಂಡು ತುಂಡಾಗಿ ಬರುತ್ತದೆ. ಮೇಲೆ ಚೆಂಡಿನಂಥ ತಲೆ, ನಡುವೆ ಬೇರೆ ಬೇರೆ ಅಳತೆಯ ಕೊಳವೆಗಳು, ಕೆಳಗೆ ನಿಮ್ಮ ಉಳಿದ ಮೂಳೆಯ ಒಳಗೆ ಕೂರುವ ಕಡ್ಡಿ. ಎಷ್ಟು ಸೆಂಟಿಮೀಟರ್ ಮೂಳೆ ತೆಗೆದರೋ ಅಷ್ಟುದ್ದ ಜೋಡಿಸುತ್ತಾರೆ. ಕಡ್ಡಿಯನ್ನು ಮೂಳೆ ಸಿಮೆಂಟಿನಿಂದ ಅಂಟಿಸಬಹುದು, ಅಥವಾ ಬಿಗಿಯಾಗಿ ಕೂರಿಸಿ ಮೂಳೆಯೇ ಅದನ್ನು ಹಿಡಿದು ಬೆಳೆಯುವಂತೆ ಬಿಡಬಹುದು. ಟೈಟಾನಿಯಂ ಮತ್ತು ಕೋಬಾಲ್ಟ್-ಕ್ರೋಮ್ ಮಿಶ್ರಲೋಹ ತುಕ್ಕು ಹಿಡಿಯುವುದಿಲ್ಲ. ಸೋಂಕು ಕಡಿಮೆಯಾಗಲಿ ಅಂತ ಕೆಲವಕ್ಕೆ ಬೆಳ್ಳಿಯ ಲೇಪ ಇರುತ್ತದೆ.

ಲೋಹಕ್ಕೆ ಸ್ನಾಯು ಅಂಟುವುದಿಲ್ಲ. ಇದು ದೊಡ್ಡ ತಲೆನೋವು. ಅದಕ್ಕೆ ಪಾಲಿಯೆಸ್ಟರ್ ಬಲೆಯ ಕಾಲುಚೀಲದಂಥದ್ದನ್ನು ಲೋಹಕ್ಕೆ ತೊಡಿಸಿ, ಕೀಲಿನ ಚೀಲವನ್ನೂ ಉಳಿದ ಸ್ನಾಯುಗಳನ್ನೂ ಅದಕ್ಕೆ ಹೊಲಿಯುತ್ತಾರೆ. ಕ್ರಮೇಣ ಬಲೆಯ ಕಣ್ಣುಗಳಲ್ಲಿ ಮಾಂಸ ಬೆಳೆದು ಹಿಡಿದುಕೊಳ್ಳುತ್ತದೆ.

ಭುಜಕ್ಕೆ ಕೃತಕ ಕೀಲು ಹಾಕುವುದು ಹೊಸ ಹುಚ್ಚೇನಲ್ಲ. 1893ರಲ್ಲಿ ಪ್ಯಾರಿಸ್‌ನಲ್ಲಿ ಜೂಲ್ ಪೆಯಾನ್ ಅನ್ನುವ ಸರ್ಜನ್, ಕ್ಷಯ ಹಿಡಿದ ಭುಜದ ಒಬ್ಬ ಬೇಕರಿ ಕೆಲಸಗಾರನಿಗೆ ಪ್ಲಾಟಿನಂ ಮತ್ತು ಗಟ್ಟಿ ರಬ್ಬರಿನ ಕೀಲು ಹಾಕಿದ್ದರು. ಅದನ್ನು ಮಾಡಿಕೊಟ್ಟವರು ಒಬ್ಬ ಹಲ್ಲಿನ ಡಾಕ್ಟರು! ಸುಮಾರು ಎರಡು ವರ್ಷ ಇದ್ದು, ಸೋಂಕು ಬಿಡದೆ ಕಾಡಿದ್ದಕ್ಕೆ ತೆಗೆಯಬೇಕಾಯಿತು. ಸೋಂಕಿನ ವಿಷಯದಲ್ಲಿ ನಮ್ಮ ಭಯ ಇಂದಿಗೂ ಅದೇ.

'ರಿವರ್ಸ್' ಕೀಲು ಹಾಕ್ತೀವಿ ಅಂದರು. ಅದೇನು ಉಲ್ಟಾ?

ಹೆಸರಿಗೆ ತಕ್ಕ ಹಾಗೆ ಉಲ್ಟಾನೇ. ನಮ್ಮ ಭುಜದಲ್ಲಿ ತೋಳಿನ ತುದಿ ಚೆಂಡು, ಹಲಗೆ ಮೂಳೆ ಗುಳಿ. ರಿವರ್ಸ್‌ನಲ್ಲಿ ಚೆಂಡನ್ನು ಹಲಗೆ ಮೂಳೆಗೆ ಸ್ಕ್ರೂ ಹಾಕಿ ಕೂರಿಸಿ, ಗುಳಿಯನ್ನು ತೋಳಿನ ಕಡೆಗೆ ಕೊಡುತ್ತಾರೆ. ಫ್ರಾನ್ಸಿನ ಪಾಲ್ ಗ್ರಾಮಂಟ್ 1985ರಲ್ಲಿ ಮಾಡಿದ ವಿನ್ಯಾಸ ಇದರ ಮೂಲ. ತಿರುಗುವ ಬಿಂದು ಒಳಗೆ, ಕೆಳಗೆ ಸರಿಯುವುದರಿಂದ ಡೆಲ್ಟಾಯ್ಡ್‌ಗೆ ಹೆಚ್ಚು ಹಿಡಿತ ಸಿಗುತ್ತದೆ. ರೊಟೇಟರ್ ಕಫ್ ಇಲ್ಲದಿದ್ದರೂ ಅದೊಂದೇ ಕೈ ಎತ್ತಬಲ್ಲದು.

ಷರತ್ತು ಇದೆ. ಡೆಲ್ಟಾಯ್ಡ್ ಸ್ನಾಯು ಮತ್ತು ಅದರ ನರ ಉಳಿದಿರಬೇಕು. ಅವು ಹೋಗಿದ್ದರೆ ರಿವರ್ಸ್ ಹಾಕಿ ಏನೂ ಪ್ರಯೋಜನವಿಲ್ಲ, ಕೀಲು ಜಾರುವ ಕಾಟ ಬೇರೆ. 'ಪಕ್ಕದ ಬೆಡ್‌ನವರಿಗೆ ಹಾಕಿದರು, ನನಗೆ ಯಾಕಿಲ್ಲ' ಅಂತ ಕೇಳುವವರಿಗೆ ಉತ್ತರ ಇಲ್ಲಿದೆ.

ಲೋಹ ಬಿಟ್ಟು ಬೇರೆ ದಾರಿ ಇಲ್ವಾ?

ಇವೆ. ದಾನಿಯ ಮೂಳೆ ಅದೊಂದನ್ನೇ ಅಥವಾ ಲೋಹದ ಜೊತೆ ಸೇರಿಸಿ ಹಾಕಬಹುದು. ದಾನಿಯ ಮೂಳೆಗೆ ಅಂಟಿದ ಸ್ನಾಯುರಜ್ಜುಗೆ ನಿಮ್ಮ ಸ್ನಾಯುವನ್ನು ಹೊಲಿಯಬಹುದು ಅನ್ನುವುದು ಅದರ ಲಾಭ. ಮೂಳೆ ಮುರಿಯುವುದು, ಕರಗುವುದು ಅದರ ತೊಂದರೆ. ಕಾಲರ್ ಮೂಳೆಯನ್ನೇ ಕೆಳಗೆ ತಿರುಗಿಸಿ ತೋಳಿಗೆ ಜೋಡಿಸುವ ಉಪಾಯವೂ ಇದೆ. ಕಾಲಿನ ಫಿಬ್ಯುಲಾ ಮೂಳೆಯನ್ನು ರಕ್ತನಾಳ ಸಮೇತ ತಂದು ಕೂರಿಸುವುದೂ ಇದೆ. ಭಾರ ಎತ್ತುವ ಕೆಲಸದ ಹರೆಯದವರಿಗೆ ಕೆಲವೊಮ್ಮೆ ಕೀಲನ್ನೇ ಬೆಸೆದುಬಿಡುತ್ತಾರೆ. ಆಗ ಭುಜ ತಿರುಗುವುದಿಲ್ಲ, ಆದರೆ ಗಟ್ಟಿ ನಿಲ್ಲುತ್ತದೆ.

ಬೆಳೆಯುವ ಮಕ್ಕಳಿಗೆ ಹಾಕಿದರೆ ಕೈ ಗಿಡ್ಡ ಆಗಲ್ವಾ?

ಆಗುತ್ತದೆ. ತೋಳಿನ ಮೂಳೆಯ ಉದ್ದದಲ್ಲಿ ಸುಮಾರು ಶೇಕಡಾ 80 ಬೆಳೆಯುವುದು ಈ ಮೇಲ್ತುದಿಯಿಂದಲೇ. ಆದರೆ ಕಾಲು ಗಿಡ್ಡವಾದರೆ ಕುಂಟಬೇಕು, ಕೈ ಗಿಡ್ಡವಾದರೆ ನಡಿಗೆಗೆ ಏನೂ ಆಗುವುದಿಲ್ಲ. ಕೆಲವು ಸೆಂಟಿಮೀಟರ್ ವ್ಯತ್ಯಾಸಕ್ಕೆ ಮಕ್ಕಳು ಬೇಗ ಒಗ್ಗಿಕೊಳ್ಳುತ್ತಾರೆ. ತೀರಾ ಚಿಕ್ಕವರಿಗೆ ಉದ್ದ ಮಾಡಬಹುದಾದ ಲೋಹದ ಮೂಳೆ, ಅಥವಾ ಬೆಳೆಯುವ ತುದಿ ಸಮೇತ ತಂದ ಫಿಬ್ಯುಲಾ, ಇವುಗಳ ಬಗ್ಗೆ ಯೋಚಿಸುತ್ತಾರೆ.

ಬೇರೆ ಕಡೆಯಿಂದ ಭುಜಕ್ಕೆ ಬಂದ ಕ್ಯಾನ್ಸರ್‌ಗೂ ಇದೇ ಆಪರೇಷನ್ನಾ?

ಗುರಿ ಬೇರೆ. ಅಲ್ಲಿ ನೋವು ನಿಲ್ಲಬೇಕು, ಮೂಳೆ ಮುರಿಯಬಾರದು, ಮನೆಗೆ ಬೇಗ ಹೋಗಬೇಕು. ಕೆಲವರಿಗೆ ರೇಡಿಯೇಷನ್ ಸಾಕು. ಕೆಲವರಿಗೆ ಮೂಳೆಯೊಳಗೆ ಉದ್ದ ರಾಡ್. ತುದಿಯೇ ಪುಡಿಯಾಗಿದ್ದರೆ ಲೋಹದ ಕೀಲು. ಕಿಡ್ನಿ, ಥೈರಾಯ್ಡ್‌ನಿಂದ ಬಂದ ಗಡ್ಡೆಗಳಲ್ಲಿ ರಕ್ತ ತುಂಬಾ ಓಡಾಡುತ್ತದೆ. ಅದಕ್ಕೆ ಆಪರೇಷನ್ ಮುಂಚೆ ಅದರ ರಕ್ತನಾಳ ಮುಚ್ಚಿಸುತ್ತಾರೆ.

ಕೈ ಎಷ್ಟು ಎತ್ತಬಹುದು?

ಎಲ್ಲರೂ ಕೇಳುವ ಪ್ರಶ್ನೆ. ನನಗನ್ನಿಸುವುದು, ಕೇಳಬೇಕಾದ ಪ್ರಶ್ನೆ ಇದಲ್ಲ. ಆದರೂ ಮೊದಲು ಉತ್ತರ ಹೇಳಿಬಿಡುತ್ತೇನೆ.

ಡೆಲ್ಟಾಯ್ಡ್ ಅಥವಾ ಅದರ ನರ ಹೋಗಿದ್ದರೆ ಪಕ್ಕಕ್ಕೆ ಎತ್ತುವುದು 30-45 ಡಿಗ್ರಿ, ಅದೂ ಹಲಗೆ ಮೂಳೆ ಜಾರಿಸಿ. ಡೆಲ್ಟಾಯ್ಡ್ ಉಳಿದು ರಿವರ್ಸ್ ಹಾಕಿದ್ದರೆ ಭುಜದ ಮಟ್ಟ, ಕೆಲವರು ಅದಕ್ಕಿಂತ ಮೇಲೂ ಹೋಗುತ್ತಾರೆ. ಮುಂಚಿನ ಹಾಗೆ ಕಿವಿಗೆ ತೋಳು ತಾಗಿಸಿ ಎತ್ತುವುದನ್ನು ಮರೆತುಬಿಡಿ.

ಈಗ ಒಂದು ಕೆಲಸ ಮಾಡಿ. ಮೇಜಿನ ಮುಂದೆ ಕೂತು ಮೊಣಕೈಯನ್ನು ಪಕ್ಕೆಲುಬಿಗೆ ಒತ್ತಿ ಹಿಡಿಯಿರಿ, ಬಿಡಬೇಡಿ. ಹಾಗೇ ಹೆಸರು ಬರೆಯಿರಿ. ಶರ್ಟಿನ ಗುಂಡಿ ಹಾಕಿ. ಫೋನ್ ಅನ್‌ಲಾಕ್ ಮಾಡಿ. ಬಾಟಲಿ ಮುಚ್ಚಳ ತಿರುಗಿಸಿ. ತಲೆ ಸ್ವಲ್ಪ ಬಗ್ಗಿಸಿದರೆ ಲೋಟ ಬಾಯಿಗೆ ಬರುತ್ತದೆ. ಬೀಗದಲ್ಲಿ ಕೀಲಿಕೈ ತಿರುಗುತ್ತದೆ. ಈಗ ತಲೆ ಬಾಚಿಕೊಳ್ಳಿ ನೋಡೋಣ. ಆಗಲಿಲ್ಲ ಅಲ್ವಾ? ಮೇಲಿನ ಶೆಲ್ಫಿನ ಡಬ್ಬವೂ ಸಿಗಲ್ಲ. ಲೋಹದ ಭುಜದ ದಿನಚರಿ ಹೆಚ್ಚುಕಮ್ಮಿ ಇದೇ. ದಿನದಲ್ಲಿ ನಮ್ಮ ಕೈ ಮಾಡುವ ಕೆಲಸದಲ್ಲಿ ಎಷ್ಟು ಪಾಲು ಹೊಟ್ಟೆಯ ಮುಂದೆಯೇ ನಡೆಯುತ್ತದೆ ಅಂತ ಆಮೇಲೆ ಗೊತ್ತಾಗುತ್ತದೆ.

ಭುಜ ಅನ್ನುವುದು ಅಂಗೈಯನ್ನು ಬೇಕಾದ ಕಡೆ ತಲುಪಿಸುವ ಸ್ಟ್ಯಾಂಡ್. ಸ್ಟ್ಯಾಂಡ್ ಗಿಡ್ಡವಾದರೆ ಮೇಜು ತಗ್ಗಿಸಬಹುದು. ಅಂಗೈ ಸತ್ತರೆ ಏನೂ ಮಾಡುವ ಹಾಗಿಲ್ಲ. ಸರ್ಜನ್‌ಗಳು ಫಲಿತಾಂಶ ಅಳೆಯಲು ಬಳಸುವ ಎಂಎಸ್‌ಟಿಎಸ್ ಅಂಕಪಟ್ಟಿಯೂ ಇದನ್ನೇ ಹೇಳುತ್ತದೆ. ಒಟ್ಟು 30 ಅಂಕ, ಆರು ವಿಷಯ: ನೋವು, ದಿನದ ಕೆಲಸ, ಮನಸ್ಸಿಗೆ ಒಪ್ಪಿಗೆ, ಕೈ ತಲುಪುವ ಎತ್ತರ, ಬೆರಳಿನ ಚುರುಕು, ಭಾರ ಎತ್ತುವ ಶಕ್ತಿ. ಎತ್ತರಕ್ಕೆ ಸಿಗುವುದು ಆರರಲ್ಲಿ ಒಂದು ಪಾಲು.

ಹಾಗಾಗಿ ಡಾಕ್ಟರನ್ನು ಕೇಳುವಾಗ 'ಎಷ್ಟು ಡಿಗ್ರಿ' ಅನ್ನುವ ಬದಲು 'ಯಾವ ನರ ಉಳಿಯುತ್ತದೆ, ಯಾವ ಸ್ನಾಯು ಉಳಿಯುತ್ತದೆ' ಅಂತ ಕೇಳಿ. ಡಿಗ್ರಿ ತಾನಾಗಿ ಗೊತ್ತಾಗುತ್ತದೆ.

ಆಪರೇಷನ್ ಆದ ಮೇಲಿನ ವಾರಗಳು ಹೇಗಿರುತ್ತವೆ?

ಸುಮಾರು 4ರಿಂದ 6 ವಾರ ಕೈ ಸ್ಲಿಂಗ್‌ನಲ್ಲಿ. ಹೊಲಿದ ಸ್ನಾಯು ಬಲೆಗೆ ಹಿಡಿಯಬೇಕು, ಅಲ್ಲಿಯವರೆಗೆ ಭುಜಕ್ಕೆ ರಜೆ. ಬೆರಳು, ಮಣಿಕಟ್ಟಿಗೆ ರಜೆ ಇಲ್ಲ. ಮರುದಿನದಿಂದಲೇ ಮುಷ್ಟಿ ಬಿಗಿ, ಬಿಡು. ಡಾಕ್ಟರು ಒಪ್ಪಿದ ತಕ್ಷಣ ಮೊಣಕೈ ಮಡಚು, ನೀಡು. ನಾನು ಬೆಡ್ ಹತ್ತಿರ ಹೋದಾಗ ಮೊದಲು ಕೇಳುವುದು 'ಹೆಬ್ಬೆರಳು ಮೇಲೆ ಎತ್ತಿ' ಅಂತ. ಎದ್ದರೆ ರೇಡಿಯಲ್ ನರ ಚೆನ್ನಾಗಿದೆ. ಆ ಒಂದು ಹೆಬ್ಬೆರಳಿಗಾಗಿ ಮನೆಯವರೆಲ್ಲ ಉಸಿರು ಬಿಗಿಹಿಡಿದು ನಿಂತಿರುತ್ತಾರೆ.

ಆಮೇಲೆ ಬಗ್ಗಿ ನಿಂತು ಕೈಯನ್ನು ಗಡಿಯಾರದ ಲೋಲಕದ ಹಾಗೆ ಸಡಿಲ ಬಿಟ್ಟು ತೂಗುವುದು, ಇನ್ನೊಂದು ಕೈಯ ಸಹಾಯದಿಂದ ಎತ್ತುವುದು. ಬಲ ಬರುವ ವ್ಯಾಯಾಮ ಸುಮಾರು 12 ವಾರದ ಮೇಲೆ. ಜೋಶಿನಲ್ಲಿ ಮುಂಚೆಯೇ ಎತ್ತಿ ತೋರಿಸುವವರು ಇರುತ್ತಾರೆ. ಹೊಲಿಗೆ ಕಿತ್ತರೆ ಮತ್ತೆ ಹಿಡಿಸುವುದು ಕಷ್ಟ. ನಡುವೆ ಕೀಮೋ ಇರುತ್ತದೆ, ವಾಂತಿ, ಸುಸ್ತು ಇರುತ್ತದೆ. ಆ ದಿನಗಳಲ್ಲಿ ಬೆರಳಾಡಿಸಿದರೂ ಸಾಕು.

ಬಟ್ಟೆ ಹಾಕೋದು, ಮಲಗೋದು?

ಹಾಕುವಾಗ ಆಪರೇಷನ್ ಆದ ಕೈ ಮೊದಲು, ಬಿಚ್ಚುವಾಗ ಅದು ಕೊನೆಗೆ. ಮುಂದೆ ಗುಂಡಿ ಇರುವ ಸಡಿಲ ಬಟ್ಟೆ ಒಳ್ಳೆಯದು. ಮೊದಲ ವಾರಗಳಲ್ಲಿ ಅಂಗಾತ ಮಲಗಿ ಮೊಣಕೈ ಕೆಳಗೆ ಸಣ್ಣ ದಿಂಬು ಇಡಿ, ಇಲ್ಲದಿದ್ದರೆ ತೋಳು ಹಿಂದಕ್ಕೆ ಬಿದ್ದು ಕೀಲು ಎಳೆಯುತ್ತದೆ. ತಲೆ ಬಾಚಬೇಕಾದರೆ ಮೊಣಕೈ ಮೇಜಿನ ಮೇಲೆ ಊರಿ ತಲೆಯನ್ನೇ ಕೈಯ ಹತ್ತಿರ ತನ್ನಿ. ಇದನ್ನು ನನಗೆ ಕಲಿಸಿದ್ದು ಹನ್ನೆರಡು ವರ್ಷದ ಒಬ್ಬ ಹುಡುಗಿ.

ಏನೇನು ತೊಂದರೆ ಬರಬಹುದು?

ಭುಜದಲ್ಲಿ ಹೆಚ್ಚಾಗಿ ಕಾಡುವುದು ಕೀಲು ಜಾರುವುದು, ಅಥವಾ ಲೋಹದ ತಲೆ ಮೆಲ್ಲಗೆ ಮೇಲಕ್ಕೆ ಸರಿಯುವುದು. ಎಕ್ಸ್‌ರೇಯಲ್ಲಿ ಸರಿದ ಹಾಗೆ ಕಂಡರೂ ನೋವಿಲ್ಲದೆ ಕೆಲಸ ಮಾಡಿಕೊಂಡಿರುವವರು ಎಷ್ಟೋ ಜನ. ಆಗ ಸುಮ್ನೆ ಬಿಡುತ್ತಾರೆ.

ಸೋಂಕಿನ ವಿಷಯದಲ್ಲಿ ಸುಮ್ನಿರಬೇಡಿ. ಗಾಯ ಕೆಂಪಾಗಿ ಬಿಸಿಯಾದರೆ, ಕೀವು ಅಥವಾ ನೀರು ಒಸರಿದರೆ, ಜ್ವರ ಬಂದರೆ ಅದೇ ದಿನ ಫೋನ್ ಮಾಡಿ. ಕೀಮೋ ನಡೆಯುವಾಗ ಮೈಯಲ್ಲಿ ಎದುರಿಸುವ ಶಕ್ತಿ ಕಡಿಮೆ. ಲೋಹದ ಮೇಲೆ ಕೂತ ರೋಗಾಣು ಮಾತ್ರೆಗೆ ಸುಲಭವಾಗಿ ಬಗ್ಗುವುದಿಲ್ಲ, ಕೆಲವೊಮ್ಮೆ ಕೀಲನ್ನೇ ತೆಗೆದು ಮತ್ತೆ ಹಾಕಬೇಕಾಗುತ್ತದೆ. ಹಲ್ಲು ಕೀಳಿಸುವಾಗ, ಬೇರೆ ಯಾವುದೇ ಆಪರೇಷನ್ ಆಗುವಾಗ ಒಳಗೆ ಲೋಹ ಇದೆ ಅಂತ ಮೊದಲೇ ಹೇಳಿ.

ನರ ಎಳೆದು ಬೆರಳು ಜುಮ್ಮೆನ್ನುವುದು, ಕಡ್ಡಿ ಸಡಿಲವಾಗುವುದು, ಬಿದ್ದಾಗ ಕಡ್ಡಿಯ ಕೆಳಗಿನ ಮೂಳೆ ಮುರಿಯುವುದು, ಗಡ್ಡೆ ಅದೇ ಜಾಗದಲ್ಲಿ ಮತ್ತೆ ಬರುವುದು, ಇವೂ ಪಟ್ಟಿಯಲ್ಲಿವೆ.

ಲೋಹದ ಕೀಲು ಎಷ್ಟು ವರ್ಷ ಬಾಳಿಕೆ ಬರುತ್ತದೆ?

ಭುಜ ಮೈ ಭಾರ ಹೊರುವುದಿಲ್ಲ. ಹಾಗಾಗಿ ಮೊಣಕಾಲಿನ ಗಡ್ಡೆಗೆ ಹಾಕಿದ ಲೋಹಕ್ಕಿಂತ ಇದು ಸವೆಯುವುದು, ಮುರಿಯುವುದು ಕಡಿಮೆ. ಹತ್ತು ವರ್ಷ ದಾಟಿ ಅದೇ ಕೀಲಿನಲ್ಲಿ ಇರುವವರು ಬೇಕಾದಷ್ಟು ಜನ. ಹದಿನೈದರಲ್ಲಿ ಹಾಕಿಸಿಕೊಂಡವರಿಗೆ ಮಾತ್ರ ಜೀವಮಾನದಲ್ಲಿ ಇನ್ನೊಂದು ಆಪರೇಷನ್ ಬೇಕಾಗಬಹುದು ಅಂತ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಮುಂದೆ ಎಂಆರ್‌ಐ ಮಾಡಿಸಬಹುದಾ? ವಿಮಾನ ನಿಲ್ದಾಣದಲ್ಲಿ ಯಂತ್ರ ಕೂಗುತ್ತಾ?

ಈಗಿನ ಕೀಲುಗಳಿಗೆ ಸಾಮಾನ್ಯವಾಗಿ ಎಂಆರ್‌ಐ ಮಾಡಿಸಬಹುದು, ಲೋಹದ ಸುತ್ತ ಚಿತ್ರ ಮಸುಕಾಗುತ್ತದೆ. ಯಾವ ಲೋಹ, ಯಾವ ಮಾದರಿ ಅಂತ ಬರೆದ ಕಾರ್ಡ್ ಜೋಪಾನ ಮಾಡಿ. ಯಂತ್ರ ಕೂಗಬಹುದು. ಕಾರ್ಡ್ ತೋರಿಸಿ.

ಎಷ್ಟು ದಿನಕ್ಕೊಮ್ಮೆ ತೋರಿಸಿಕೊಳ್ಳಬೇಕು?

ಕ್ಯಾನ್ಸರ್ ಇದ್ದವರಿಗೆ ಸಾಮಾನ್ಯವಾಗಿ ಮೊದಲ ಎರಡು ವರ್ಷ 3 ತಿಂಗಳಿಗೊಮ್ಮೆ, ಐದು ವರ್ಷದ ತನಕ 6 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಪ್ರತಿ ಸಲ ಭುಜದ ಎಕ್ಸ್‌ರೇ, ಜೊತೆಗೆ ಎದೆಯದ್ದು. 'ಭುಜ ಚೆನ್ನಾಗಿದೆ, ಎದೆ ಯಾಕೆ' ಅಂತ ಅದನ್ನು ಬಿಡಬೇಡಿ. ಶ್ವಾಸಕೋಶದಲ್ಲಿ ಒಂದೆರಡು ಚುಕ್ಕೆ ಬೇಗ ಸಿಕ್ಕರೆ ಅವನ್ನೂ ಆಪರೇಷನ್ ಮಾಡಿ ತೆಗೆದು ಗುಣವಾದವರಿದ್ದಾರೆ.

ಗಾಡಿ, ಕೆಲಸ, ಆಟ?

ಗಾಡಿ ಓಡಿಸುವುದು ಸ್ಲಿಂಗ್ ಬಿಟ್ಟು, ಎರಡೂ ಕೈಯಲ್ಲಿ ಹಿಡಿತ ಬಂದ ಮೇಲೆ, ಡಾಕ್ಟರು ಹೂಂ ಅಂದ ಮೇಲೆ. ಕೂತು ಮಾಡುವ ಕೆಲಸಕ್ಕೆ ಬಹುಪಾಲು ಜನ ವಾಪಸ್ ಹೋಗುತ್ತಾರೆ. ತಲೆ ಮೇಲೆ ಕೈ ಎತ್ತಿ ಮಾಡುವ ಕೆಲಸ, ಭಾರ ಎತ್ತುವ ಕೆಲಸ ಬದಲಾಯಿಸಬೇಕಾಗುತ್ತದೆ. ನಡಿಗೆ ಸರಿ. ಓಟ, ಒದೆಯುವ ಆಟ ಡಾಕ್ಟರನ್ನು ಕೇಳಿ, ಬಿದ್ದರೆ ಕಷ್ಟ. ಎಸೆಯುವ, ತಳ್ಳಾಡುವ ಆಟ ಬೇಡ.

ಆಪರೇಷನ್ ಆಗಿದ್ದು ಬಲ ಭುಜಕ್ಕೆ. ಎಡಗೈಲಿ ಬರೆಯೋದು ಕಲೀಬೇಕಾ?

ನರ ಚೆನ್ನಾಗಿದ್ದರೆ ಬೇಕಿಲ್ಲ. ಸ್ಲಿಂಗ್‌ನಲ್ಲೇ, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಎರಡನೇ ವಾರದಲ್ಲೇ ಬರೆಯುವವರನ್ನು ನೋಡಿದ್ದೇನೆ. ಮೇಜು ಮಾಮೂಲಿಗಿಂತ ಸ್ವಲ್ಪ ತಗ್ಗಿರಲಿ, ಮುಂಗೈ ಪೂರ್ತಿ ಮೇಜಿನ ಮೇಲೆ ಇರಲಿ. ಸಾಲಿನ ಕೊನೆ ಬಂದಾಗ ಕೈಯನ್ನು ಬಲಕ್ಕೆ ಸರಿಸಲು ಕಷ್ಟ ಆಗುತ್ತದೆ. ಆಗ ಎಡಗೈಯಿಂದ ಕಾಗದವನ್ನೇ ಎಡಕ್ಕೆ ಎಳೆದುಕೊಳ್ಳಿ. ಮೊದಮೊದಲು ಅಕ್ಷರ ಸೊಟ್ಟ ಬರುತ್ತವೆ, ಒಂದೆರಡು ಪುಟ ಆದ ಮೇಲೆ ನಿಮ್ಮದೇ ಹಳೇ ಕೈಬರಹ ವಾಪಸ್ ಬರುತ್ತದೆ.